ಶಾಲೆಯಿಂದ ಫೋನ್ ಬಂದರೆ ಎದೆ ಧಸಕ್ ಅನ್ನಬಾರದು

ಪೋಷಕರ ಸಭೆಗೆ ಅಂತ ಹಾಲ್‌ನಲ್ಲಿ 80 ಕುರ್ಚಿ ಹಾಕಿಸಿದ್ದೆ. ಬಂದವರು 14 ಜನ. ಮುಖ್ಯ ಶಿಕ್ಷಕಿಯಾಗಿ ಅದು ನನ್ನ ಮೊದಲ ವರ್ಷ. ಬಂದವರ ಮಕ್ಕಳೆಲ್ಲ ಚೆನ್ನಾಗಿ ಓದುವವರೇ. ಯಾರ ಜೊತೆ ಮಾತಾಡಬೇಕು ಅಂತಿದ್ದೆನೋ ಅವರೊಬ್ಬರೂ ಇರಲಿಲ್ಲ. ಸಿಟ್ಟಿನಲ್ಲಿ ಮೈಕ್ ಹಿಡಿದು, ಬರದವರ ಬಗ್ಗೆ ಬಂದವರಿಗೆ ಅರ್ಧ ಗಂಟೆ ಬೈದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ.

ಆಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಮಾತು. "ಈ ಪೋಷಕರಿಗೆ ಮಕ್ಕಳ ಬಗ್ಗೆ ಕಾಳಜಿನೇ ಇಲ್ಲ." ನಾನೂ ಹೌದು ಹೌದು ಅಂತ ತಲೆಯಾಡಿಸಿದೆ.

ಒಂದು ವಾರ ಕಳೆದಿರಬಹುದು. ಆರನೇ ತರಗತಿಯ ಹುಡುಗನೊಬ್ಬ ಆಡುತ್ತಾ ಬಿದ್ದು ಮೊಣಕಾಲು ತರಚಿಕೊಂಡ. ದೊಡ್ಡ ಪೆಟ್ಟೇನಲ್ಲ, ಆದರೂ ಅವನ ಅಮ್ಮನಿಗೆ ನಾನೇ ಫೋನ್ ಮಾಡಿದೆ. "ಶಾಲೆಯಿಂದ ಮಾತಾಡ್ತಿದ್ದೀನಿ" ಅಂದಿದ್ದೇ ತಡ, ಆ ಕಡೆಯಿಂದ "ಇವತ್ತೇನು ಮಾಡಿದ ಮೇಡಂ?" ಅಂತ ಪ್ರಶ್ನೆ ಬಂತು. ಮಗನಿಗೆ ಪೆಟ್ಟಾಗಿದೆ, ಅವನು ಏನೂ ತಪ್ಪು ಮಾಡಿಲ್ಲ ಅಂದಾಗ ಅವರಿಗೆ ಒಂಥರಾ ಸಮಾಧಾನವೇ ಆಯಿತು! ಸಂಜೆ ಮಗನನ್ನು ಕರೆದುಕೊಂಡು ಹೋಗಲು ಬಂದಾಗ ಕೇಳಿದೆ, ಯಾಕೆ ಹಾಗಂದಿರಿ ಅಂತ. "ಶಾಲೆ ನಂಬರ್ ಕಂಡ್ರೆ ಎದೆ ಧಸಕ್ ಅನ್ನುತ್ತೆ ಮೇಡಂ. ಐದು ವರ್ಷದಲ್ಲಿ ಒಂದು ಸಲಾನೂ ಒಳ್ಳೇ ಮಾತು ಹೇಳೋಕೆ ಯಾರೂ ಫೋನ್ ಮಾಡಿಲ್ಲ" ಅಂದರು. ದೂರಿನ ಧಾಟಿಯೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೇ.

ಮರುದಿನ ಆಫೀಸಿನಲ್ಲಿ ಫೋನ್ ಮಾಡಿದ್ದನ್ನು ಬರೆದಿಡುವ ಪುಸ್ತಕ ತೆಗೆದು ನೋಡಿದೆ. ಜ್ವರ, ಜಗಳ, ಗೈರುಹಾಜರಿ, ಕಟ್ಟದ ಶುಲ್ಕ, ಕಡಿಮೆ ಅಂಕ. ಪುಟ ಪುಟಕ್ಕೂ ಇದೇ. ಡೈರಿಯಲ್ಲಿ ಬರೆದು ಕಳಿಸುವುದೂ ಇದನ್ನೇ. ಇಂಥ ಕಡೆ ನಾನಾದರೂ ಯಾಕೆ ಖುಷಿಯಿಂದ ಹೋಗಲಿ, ಅಲ್ವಾ?

ಹೀಗೆ ಶುರುವಾಯಿತು ನಮ್ಮ ಒಳ್ಳೇ ಸುದ್ದಿಯ ಫೋನ್. ಒಬ್ಬ ಶಿಕ್ಷಕರಿಗೆ ವಾರಕ್ಕೆ ಎರಡು ಕರೆ. ಎರಡು ನಿಮಿಷಕ್ಕಿಂತ ಜಾಸ್ತಿ ಬೇಡ. ಮಗು ಮಾಡಿದ ಒಂದೇ ಒಂದು ಕೆಲಸವನ್ನು ಬಿಡಿಸಿ ಹೇಳಬೇಕು. "ನಿಮ್ಮ ಮಗಳು ಒಳ್ಳೆಯವಳು" ಅಂದರೆ ಸಾಲದು. "ಹೊಸದಾಗಿ ಸೇರಿದ ಹುಡುಗಿಯನ್ನು ಇವತ್ತು ಪಕ್ಕದಲ್ಲಿ ಕೂರಿಸಿಕೊಂಡು ಭಿನ್ನರಾಶಿ ಹೇಳಿಕೊಟ್ಟಳು" ಅನ್ನಬೇಕು. ಇನ್ನೊಂದು ಕಟ್ಟುನಿಟ್ಟಿನ ನಿಯಮವಿತ್ತು. ಆ ಕರೆಯಲ್ಲಿ "ಆದರೆ" ಅನ್ನುವ ಪದ ಬರಕೂಡದು. ನಮಗೆ ಅದೇ ಕಷ್ಟವಾಗಿದ್ದು. ಹೊಗಳಿ ಮುಗಿಸುವಷ್ಟರಲ್ಲಿ "ಆದರೆ ಅಕ್ಷರ ಸ್ವಲ್ಪ..." ಅಂತ ನಾಲಿಗೆ ತಾನಾಗಿ ಜಾರುತ್ತಿತ್ತು.

ಮೊದಲ ವಾರ ಒಬ್ಬ ಅಪ್ಪ ಎಲ್ಲ ಕೇಳಿಸಿಕೊಂಡು, "ಸರಿ ಮೇಡಂ, ಈಗ ವಿಷಯಕ್ಕೆ ಬನ್ನಿ" ಅಂದರಂತೆ. ವಿಷಯ ಇಷ್ಟೇ ಅಂದರೂ ಅವರು ನಂಬಲಿಲ್ಲ. ಸಂಜೆ ಮತ್ತೆ ಫೋನ್ ಮಾಡಿ, ನಿಜವಾಗಿ ಏನಾಯಿತು ಅಂತ ಕೇಳಿದರು.

ಶಿಕ್ಷಕರಿಂದ ಬಂದ ಮೊದಲ ಆಕ್ಷೇಪ ಸಮಯದ್ದು. ಅದು ನ್ಯಾಯವೇ. ಇರುವ ಕೆಲಸದ ಮೇಲೆ ಇನ್ನೊಂದು ಹೇರಿ, ಖುಷಿಯಿಂದ ಮಾಡಿ ಅಂದರೆ ಯಾರು ಮಾಡುತ್ತಾರೆ? ಹಾಗಾಗಿ ವಾರಕ್ಕೊಂದು ಪೀರಿಯಡ್ ಒಬ್ಬೊಬ್ಬರ ತರಗತಿಗೆ ನಾನು ಹೋಗತೊಡಗಿದೆ. ಆ ಹೊತ್ತಿನಲ್ಲಿ ಅವರು ಫೋನ್ ಮಾಡುತ್ತಿದ್ದರು. ಒಂದು ಲಾಭವೂ ಆಯಿತು. ಪಾಠ ಮಾಡುವುದು ಎಷ್ಟು ಸುಸ್ತಿನ ಕೆಲಸ ಅನ್ನುವುದು ನನಗೆ ಮತ್ತೆ ನೆನಪಾಯಿತು.

ಎರಡನೇ ಆಕ್ಷೇಪವನ್ನು ನಾನು ನಿರೀಕ್ಷಿಸಿರಲಿಲ್ಲ. ಹಿರಿಯ ಶಿಕ್ಷಕಿಯೊಬ್ಬರು ಸಭೆಯಲ್ಲೇ, ಮೆಲ್ಲಗೆ, "ಮೇಡಂ, ನೀವು ನಮ್ಮನ್ನು ರೂಮಿಗೆ ಕರೆದಾಗ ನಮಗೂ ಹಾಗೇ ಎದೆ ಧಸಕ್ ಅನ್ನುತ್ತೆ" ಅಂದರು. ಯಾರೂ ತಲೆ ಎತ್ತಲಿಲ್ಲ. ಅಂದರೆ ಎಲ್ಲರಿಗೂ ಹಾಗೇ ಆಗುತ್ತಿತ್ತು.

ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ನಾನು ಶಿಕ್ಷಕರನ್ನು ಕರೆಯುತ್ತಿದ್ದದ್ದು ತಪ್ಪು ತೋರಿಸಲು. ಶಿಕ್ಷಕರು ಪೋಷಕರನ್ನು ಕರೆಯುತ್ತಿದ್ದದ್ದೂ ಅದಕ್ಕೇ. ಪೋಷಕರು ಮನೆಗೆ ಹೋಗಿ ಮಗುವನ್ನು ಕರೆದು ಕೂರಿಸುತ್ತಿದ್ದದ್ದೂ ಅದಕ್ಕೇ ಇರಬೇಕು. ನನ್ನ ರೂಮಿನಲ್ಲಿ ಎತ್ತಿದ ದನಿ ಗೇಟು ದಾಟಿ ಮನೆಮನೆಗೂ ಹೋಗುತ್ತಿತ್ತು. ಪೋಷಕರು ಬರುತ್ತಿಲ್ಲ ಅಂತ ನಾನು ಗೇಟಿನ ಕಡೆ ನೋಡುತ್ತಾ ಕೂತಿದ್ದೆ. ನೋಡಬೇಕಿದ್ದದ್ದು ನನ್ನ ಬಾಗಿಲನ್ನು.

ಆಮೇಲೆ ಓದುವಾಗ ಗೊತ್ತಾಯಿತು, ಇದು ನನ್ನೊಬ್ಬಳ ಕಥೆಯಲ್ಲ. ಸಂಶೋಧಕರಾದ ಆಂಟನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ ಅಮೆರಿಕದ ಶಿಕಾಗೋ ನಗರದ ಪ್ರಾಥಮಿಕ ಶಾಲೆಗಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಬರೆದದ್ದೂ ನಂಬಿಕೆಯ ಬಗ್ಗೆಯೇ. ಮುಖ್ಯಸ್ಥರು, ಶಿಕ್ಷಕರು, ಪೋಷಕರು ಒಬ್ಬರನ್ನೊಬ್ಬರು ನಂಬುವ ಶಾಲೆಗಳು ಓದು, ಗಣಿತ ಎರಡರಲ್ಲೂ ಮುಂದೆ ಬರುವ ಸಾಧ್ಯತೆ ಜಾಸ್ತಿ ಅಂತ ಅವರು ಕಂಡುಕೊಂಡರು. ಆ ನಂಬಿಕೆಯನ್ನು ನಾಲ್ಕಾಗಿ ಬಿಡಿಸಿಟ್ಟರು: ಗೌರವ, ಕೆಲಸದಲ್ಲಿ ಕೈ ಪಳಗಿರುವುದು, ಎದುರಿಗಿರುವವರ ಬಗ್ಗೆ ಅಕ್ಕರೆ, ಆಡಿದಂತೆ ನಡೆಯುವುದು. ಕೊನೆಯದರಲ್ಲಿ ನಾನು ಪಾಸಾಗಬಹುದಿತ್ತು. ಮೂರನೆಯದರಲ್ಲಿ ಖಂಡಿತ ಫೇಲು.

ಬದಲಾಗುವುದು ಅಂದರೆ ಒಂದೇ ದಿನದ ಮಾತಲ್ಲ. ಶಿಕ್ಷಕರ ತರಗತಿಯಲ್ಲಿ ಕಂಡ ಒಳ್ಳೆಯದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡತೊಡಗಿದೆ. ಮೊದಮೊದಲು ಚೀಟಿ ಕಂಡವರ ಮುಖ ಬಿಳಿಚಿಕೊಳ್ಳುತ್ತಿತ್ತು! ಇದಕ್ಕಿಂತ ಮುಖ್ಯವಾಗಿದ್ದು ದೂರು ಬಂದಾಗ ನಾನು ನಡೆದುಕೊಳ್ಳುವ ರೀತಿ. ಮೊದಲೆಲ್ಲ ಪೋಷಕರು ದೂರು ತಂದರೆ, ತಕ್ಷಣ ಶಿಕ್ಷಕರನ್ನು ಕರೆಸಿ ಅವರೆದುರೇ ವಿಚಾರಿಸುತ್ತಿದ್ದೆ. ಪೋಷಕರ ಪರ ನಿಂತೆ ಅಂತ ಬೀಗುತ್ತಿದ್ದೆ ಕೂಡ. ಅವಮಾನವಾದ ಆ ಶಿಕ್ಷಕರು ಮುಂದೆ ಯಾವ ಪೋಷಕರನ್ನು ನಗುತ್ತಾ ಒಳಗೆ ಕರೆದಾರು? ಈಗ ಹಾಗಿಲ್ಲ. ಮೊದಲು ಪೋಷಕರ ಮಾತು ಪೂರ್ತಿ ಕೇಳುತ್ತೇನೆ, ಬರೆದುಕೊಳ್ಳುತ್ತೇನೆ, ತೀರ್ಪು ಕೊಡುವುದಿಲ್ಲ. ಆಮೇಲೆ ಶಿಕ್ಷಕರ ಮಾತನ್ನು ಅವರೊಬ್ಬರಿದ್ದಾಗ ಕೇಳುತ್ತೇನೆ. ಮೂರನೆಯ ಸಲ ಎಲ್ಲರೂ ಕೂರುತ್ತೇವೆ. ಅಲ್ಲಿ "ತಪ್ಪು ಯಾರದು" ಅನ್ನುವ ಪ್ರಶ್ನೆ ಇಲ್ಲ, "ನಾಳೆಯಿಂದ ಏನು ಮಾಡೋಣ" ಅಷ್ಟೇ. ಇದು ನನ್ನ ಬುದ್ಧಿವಂತಿಕೆಯಲ್ಲ. ಮಕ್ಕಳ ಮನೋವೈದ್ಯ ಜೇಮ್ಸ್ ಕೋಮರ್ 1968ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದ ಎರಡು ಶಾಲೆಗಳಲ್ಲಿ ಶುರುಮಾಡಿದ ಕೆಲಸದ ಮೂಲ ನಿಯಮಗಳಲ್ಲಿ ಇದೂ ಒಂದು. ತಪ್ಪು ಹೊರಿಸದೆ ಸಮಸ್ಯೆ ಬಿಡಿಸಬೇಕು.

ಹಾಗಂತ ಎಲ್ಲದಕ್ಕೂ ತಲೆಬಾಗುವುದಲ್ಲ. ಒಮ್ಮೆ ಒಬ್ಬರು ಕಾರಿಡಾರಿನಲ್ಲಿ ಮಕ್ಕಳ ಎದುರೇ ಶಿಕ್ಷಕಿಯ ಮೇಲೆ ಕೂಗಾಡಿದರು. ನಾನು ಹೋಗಿ ಇಬ್ಬರ ನಡುವೆ ನಿಂತೆ. "ಈ ದನಿಯಲ್ಲಿ ಇಲ್ಲಿ ಮಾತು ಬೇಡ. ನಾಳೆ ಬೆಳಗ್ಗೆ ಬನ್ನಿ, ಪೂರ್ತಿ ಕೇಳ್ತೀನಿ" ಅಂದೆ. ಬಂದರು, ಮಾತಾಡಿದರು, ಅವರ ದೂರಿನಲ್ಲಿ ಅರ್ಧ ನಿಜವೂ ಇತ್ತು. ಆದರೆ ಅವತ್ತು ನಾನು ನಡುವೆ ನಿಂತದ್ದನ್ನು ಶಿಕ್ಷಕರು ಮರೆಯಲಿಲ್ಲ. ಪೋಷಕರನ್ನು ತರಗತಿಯೊಳಗೆ ಬಿಡಲು ಅವರಿಗೆ ಧೈರ್ಯ ಬಂದದ್ದು ಅದರ ನಂತರವೇ ಅನ್ನಿಸುತ್ತದೆ.

ಚಿಕ್ಕಪುಟ್ಟ ಬದಲಾವಣೆಗಳೂ ಇವೆ. ನಮ್ಮ ಆಫೀಸಿಗೆ ಒಂದು ಸಣ್ಣ ಕಿಟಕಿ ಇತ್ತು. ಪೋಷಕರು ಸೊಂಟ ಬಗ್ಗಿಸಿ ಅದರೊಳಗೆ ಮುಖ ಇಟ್ಟು ಮಾತಾಡಬೇಕಿತ್ತು. ಅದನ್ನು ಮುಚ್ಚಿಸಿ ಬಾಗಿಲು ತೆರೆದು, ಒಳಗೆ ಬೆಂಚು ಹಾಕಿಸಿದೆ. ಬೆಳಗ್ಗೆ 20 ನಿಮಿಷ ಗೇಟಿನಲ್ಲಿ ನಿಲ್ಲತೊಡಗಿದೆ, ಸುಮ್ನೆ. ತಡವಾಗಿ ಬಂದವರನ್ನು ಹಿಡಿಯಲು ನಿಂತಿದ್ದೇನೆ ಅಂದುಕೊಂಡು ಕೆಲವರು ರಸ್ತೆಯ ಆಚೆಯೇ ಮಗುವನ್ನು ಇಳಿಸಿ ಹೋದರು. ಒಂದು ತಿಂಗಳಾದ ಮೇಲೆ ನಿಂತು ಮಾತಾಡಿಸಿ ಹೋಗತೊಡಗಿದರು. ಸಭೆಗೆ ಬರದೇ ಇದ್ದ ಎಷ್ಟೋ ಜನ ಗೇಟಿನಲ್ಲಿ ಎರಡು ನಿಮಿಷದಲ್ಲಿ ಮಗುವಿನ ಬಗ್ಗೆ ಹೇಳಿದ್ದು, ಯಾವ ಫಾರ್ಮ್ ತುಂಬಿಸಿದ್ದರೂ ನಮಗೆ ಸಿಗುತ್ತಿರಲಿಲ್ಲ.

ನೋಟಿಸಿನ ಭಾಷೆ ಇನ್ನೊಂದು. "ಪೋಷಕರು ಕಡ್ಡಾಯವಾಗಿ ಹಾಜರಿರತಕ್ಕದ್ದು. ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ಶಾಲೆ ಜವಾಬ್ದಾರಿಯಲ್ಲ." ಇದು ಮಗುವಿನ ಓದಿನ ಬಗ್ಗೆ ಮಾತಾಡಲು ಕರೆಯುವ ಪತ್ರವೋ, ಕೋರ್ಟಿನ ಸಮನ್ಸೋ? ಬರೆದವಳು ನಾನೇ, ಬೇರೆ ಯಾರನ್ನು ಬೈಯಲಿ!

ಸಭೆಯನ್ನಂತೂ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆವು. ಹಾಲ್ ಇಲ್ಲ, ಮೈಕ್ ಇಲ್ಲ. ಒಂದು ಮನೆಗೆ ಹತ್ತು ನಿಮಿಷ. ಕೆಲಸಕ್ಕೆ ಹೋಗುವ ಮುಂಚೆ ಬರಬಹುದು, ಸಂಜೆ ಬರಬಹುದು, ಆಗದಿದ್ದರೆ ಫೋನಿನಲ್ಲೇ ಮಾತಾಡಬಹುದು. ಅಪ್ಪ ಅಮ್ಮನೇ ಬರಬೇಕೆಂದಿಲ್ಲ. ಅಜ್ಜಿ, ಚಿಕ್ಕಪ್ಪ, ಅಕ್ಕ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರಾದರೂ ಸರಿ. ಮಾರ್ಕ್ಸ್ ಕಾರ್ಡ್ ಕೊನೆಯ ಎರಡು ನಿಮಿಷಕ್ಕೆ. ಅದಕ್ಕೂ ಮೊದಲು ಮಗು ತನ್ನ ಪುಸ್ತಕ ತೆರೆದು, ತನಗೆ ಇಷ್ಟವಾದ ಒಂದು ಪುಟ ಮತ್ತು ಕಷ್ಟವಾದ ಒಂದು ಪುಟವನ್ನು ತಾನೇ ತೋರಿಸುತ್ತದೆ.

ಆಹ್ವಾನ ಪತ್ರವನ್ನೂ ಮಗುವಿನ ಕೈಯಿಂದಲೇ ಬರೆಸಿದೆವು. ಇದಕ್ಕೊಂದು ಕಾರಣವಿದೆ. ಪೋಷಕರು ಯಾಕೆ ಶಾಲೆಯ ಜೊತೆ ಕೈ ಜೋಡಿಸುತ್ತಾರೆ ಅಂತ ಅಮೆರಿಕದ ಸಂಶೋಧಕರಾದ ಕ್ಯಾಥ್ಲೀನ್ ಹೂವರ್-ಡೆಂಪ್ಸಿ ಮತ್ತು ಹೊವರ್ಡ್ ಸ್ಯಾಂಡ್ಲರ್ 1990ರ ದಶಕದಲ್ಲಿ ಕೇಳಿಕೊಂಡರು. ಅವರು ಕೊಟ್ಟ ಉತ್ತರ ಸರಳ. ಇದು ನನ್ನ ಕೆಲಸ ಅಂತ ಅನ್ನಿಸಬೇಕು. ಇದು ನನ್ನ ಕೈಲಾಗುತ್ತದೆ ಅಂತ ಅನ್ನಿಸಬೇಕು. ಮತ್ತೆ, ಯಾರಾದರೂ ಕರೆಯಬೇಕು. ಶಾಲೆ, ಶಿಕ್ಷಕರು, ಮಗು, ಈ ಮೂವರ ಕರೆಗೂ ತೂಕವಿದೆ. ನಮ್ಮ ಬಹಳಷ್ಟು ಪೋಷಕರು ಎರಡನೆಯದರಲ್ಲಿ ಸಿಕ್ಕಿಕೊಂಡಿದ್ದರು. "ನಾನೇ ಜಾಸ್ತಿ ಓದಿಲ್ಲ, ಬಂದು ಏನು ಮಾತಾಡಲಿ?" ಇದನ್ನು ನಾವು ಅಸಡ್ಡೆ ಅಂದುಕೊಂಡಿದ್ದೆವು.

ಇಲ್ಲೇ ನನ್ನ ದೊಡ್ಡ ತಪ್ಪೊಂದು ತಿದ್ದಿಕೊಂಡಿತು. ಶಾಲೆಗೆ ಬಂದವರು ಮಾತ್ರ ಕಾಳಜಿ ಇರುವವರು ಅಂತ ಲೆಕ್ಕ ಹಾಕುತ್ತಿದ್ದೆ. ಅಲ್ಲಿನ ಇನ್ನೊಬ್ಬ ಸಂಶೋಧಕಿ ಜಾಯ್ಸ್ ಎಪ್ಸ್ಟೀನ್ ಪೋಷಕರ ಪಾಲ್ಗೊಳ್ಳುವಿಕೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ. ಮನೆಯಲ್ಲಿ ಮಕ್ಕಳನ್ನು ಬೆಳೆಸುವುದು, ಮನೆಯಲ್ಲೇ ಓದಿಗೆ ಜೊತೆಯಾಗುವುದು ಅದರಲ್ಲಿ ಎರಡು. ನಾನು ಎಣಿಸುತ್ತಿದ್ದದ್ದು ಕುರ್ಚಿಗಳನ್ನು. ಬ್ರಿಟನ್ನಿನ ಶಿಕ್ಷಣ ಸಂಶೋಧಕ ಚಾರ್ಲ್ಸ್ ಡೆಸ್ಫೋರ್ಜಸ್ 2003ರಲ್ಲಿ ಮಾಡಿದ ಪರಿಶೀಲನೆಯೂ ಮನೆಯಲ್ಲಿ ನಡೆಯುವ ಮಾತುಕತೆಗೇ ತೂಕ ಜಾಸ್ತಿ ಅನ್ನುತ್ತದೆ. ಅಮೆರಿಕದ ಸಂಶೋಧಕ ವಿಲಿಯಂ ಜೇನ್ಸ್ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ, ಹೋಂವರ್ಕ್ ತಪಾಸಣೆಗಿಂತ ಮಗುವಿನ ಮೇಲೆ ಪೋಷಕರು ಇಟ್ಟ ನಿರೀಕ್ಷೆಯ ಜೊತೆ ಕಲಿಕೆಯ ನಂಟು ಗಟ್ಟಿಯಾಗಿ ಕಂಡಿತು. ಇದನ್ನು ಓದಿದ ಮೇಲೆ "ಹೋಂವರ್ಕ್ ನೋಡಿ ಸಹಿ ಹಾಕಿ" ಅನ್ನುವುದನ್ನು ಬಿಟ್ಟೆವು. ಬದಲಿಗೆ ವಾರಕ್ಕೊಂದು ಪ್ರಶ್ನೆ ಕಳಿಸುತ್ತೇವೆ: "ಈ ವಾರ ನಿನಗೆ ಅರ್ಥವಾಗದೆ ಉಳಿದದ್ದು ಏನು ಅಂತ ನಿಮ್ಮ ಮಗುವನ್ನು ಕೇಳಿ." ಇದಕ್ಕೆ ಪೋಷಕರು ಓದಿರಬೇಕಾಗಿಲ್ಲ.

ಕೆಟ್ಟ ಅನುಭವಗಳೂ ಆದವು. ವಾಟ್ಸಾಪ್ ಗ್ರೂಪ್ ಮಾಡಿದೆವು. ಮೂರು ವಾರದಲ್ಲಿ ಯಾರ ಮಗುವಿಗೆ ಎಷ್ಟು ಅಂಕ ಅನ್ನುವಲ್ಲಿಗೆ ಬಂದು, ಇಬ್ಬರು ಅಮ್ಮಂದಿರು ಮಾತು ಬಿಟ್ಟರು. ಈಗ ಅಲ್ಲಿ ಶಾಲೆ ಮಾತ್ರ ಬರೆಯುತ್ತದೆ. ಉತ್ತರ ಕೊಡುವವರು ಶಿಕ್ಷಕರಿಗೆ ಬೇರೆಯಾಗಿ ಬರೆಯುತ್ತಾರೆ. ಪೋಷಕರ ಸಮಿತಿಯದ್ದು ಇನ್ನೊಂದು ಕಥೆ. ಚೆನ್ನಾಗಿ ಮಾತಾಡುವ ನಾಲ್ವರನ್ನು ನಾನೇ ಆರಿಸಿದ್ದೆ. ನಾನು ಮೊದಲೇ ಮಾಡಿಟ್ಟ ನಿರ್ಧಾರಕ್ಕೆ ಅವರು ಸಹಿ ಹಾಕುತ್ತಿದ್ದರು. ಎರಡನೇ ವರ್ಷ ತರಗತಿಗೊಬ್ಬರಂತೆ ಪೋಷಕರೇ ಆರಿಸಿಕೊಂಡರು, ಮತ್ತು ಹೋಂವರ್ಕ್ ಎಷ್ಟಿರಬೇಕು ಅನ್ನುವುದನ್ನು ಅವರಿಗೇ ಬಿಟ್ಟೆವು. ರಜಾದಿನ ಹೋಂವರ್ಕ್ ಬೇಡವೇ ಬೇಡ ಅಂದರು. ನನಗೆ ಇಷ್ಟವಿರಲಿಲ್ಲ, ಈಗಲೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಕೇಳುತ್ತೇನೆ ಅಂತ ಹೇಳಿ ಕೇಳದಿದ್ದರೆ, ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಜಾರಿಗೆ ತಂದೆವು.

ಈಗ ಎಲ್ಲರೂ ಬರುತ್ತಾರೆ ಅಂತಲ್ಲ. ರಾತ್ರಿ ಪಾಳಿಯವರು ಬರಲಾರರು. ಕೆಲವರಿಗೆ ಹಳೆಯ ಕಹಿ ಇನ್ನೂ ಹೋಗಿಲ್ಲ. ದೊಡ್ಡ ತರಗತಿಗಳದ್ದು ಬೇರೆಯೇ ಸಮಸ್ಯೆ, ಅಲ್ಲಿ ಪೋಷಕರು ಬರುವುದು ಮಕ್ಕಳಿಗೇ ಬೇಡ. ಕಳೆದ ಸಲ ಒಂಬತ್ತನೇ ತರಗತಿಯ ಹುಡುಗನೊಬ್ಬ ತಾನೇ ಬರೆದ ಆಹ್ವಾನ ಪತ್ರವನ್ನು ಎರಡು ವಾರ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದ. ಯಾಕೆ ಕೊಟ್ಟಿಲ್ಲ ಅಂದರೆ, ಬಹಳ ಹೊತ್ತು ನೆಲ ನೋಡಿ, "ಅಮ್ಮ ಬಂದ್ರೆ ಎಲ್ಲರ ಮುಂದೆ ತಲೆ ಸವರ್ತಾರೆ ಮೇಡಂ" ಅಂದ. ಸರಿ, ಅದನ್ನೂ ಪತ್ರದಲ್ಲಿ ಬರಿ ಅಂದೆ. ಬರೆದ. ಅವರು ಬಂದರು. ಹತ್ತು ನಿಮಿಷವೂ ಎರಡು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಕೂತಿದ್ದರು.