ಎಕ್ಸ್‌ಚೇಂಜ್ ವಿದ್ಯಾರ್ಥಿಯ ದಿನಚರಿ: ವಿರಾಜಪೇಟೆಯಿಂದ ಮಿನೆಸೋಟಾಕ್ಕೆ

ನಮ್ಮ ಕೊಡಗಿನ ಮನೆಗಳಲ್ಲಿ ನೆಂಟರು ಎರಡು ಸಲ ‘ಬೇಡ’ ಅನ್ನುತ್ತಾರೆ, ಮನೆಯವರು ಮೂರನೇ ಸಲಕ್ಕೆ ಬಡಿಸಿಯೇ ಬಿಡುತ್ತಾರೆ. ಅಮೆರಿಕದಲ್ಲಿ ನಾವು ಉಳಿದುಕೊಳ್ಳುವ ಹೋಸ್ಟ್ ಮನೆಯಲ್ಲಿ ಮೊದಲ ‘ಬೇಡ’ಕ್ಕೇ ಪಾತ್ರೆ ಮುಂದಿನವರ ಕೈಗೆ ಹೋಗುತ್ತದೆ. ಅದು ಉದಾಸೀನವಲ್ಲ, ಬಲವಂತ ಮಾಡಬಾರದು ಎಂಬ ಮರ್ಯಾದೆ. ಹಸಿವು, ಚಳಿ, ಬೇಸರ, ತಲೆನೋವು ಯಾವುದೇ ಇರಲಿ, ಬಾಯಿಬಿಟ್ಟು ಹೇಳಿದರೆ ಮಾತ್ರ ಅವರಿಗೆ ಗೊತ್ತಾಗುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವ ಮೊದಲು ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಕೊಡುವ ಜೆ-1 ವೀಸಾದಲ್ಲಿ ಮಿನೆಸೋಟಾದ ಹೈಸ್ಕೂಲಿನಲ್ಲಿ ಒಂದು ಶಾಲಾ ವರ್ಷ ಕಳೆದ ನಾನು ಪಾಲಿಸಿದ ಕ್ರಮಗಳನ್ನು ಇಲ್ಲಿ ಬರೆದಿದ್ದೇನೆ.

ಹೊರಡುವ ಮೊದಲಿನ ಕೆಲಸಗಳಲ್ಲಿ ಜನ ಹೆಚ್ಚು ಎಡವುವುದು ಲಸಿಕೆಯಲ್ಲಿ. ನಮ್ಮ ಸರ್ಕಾರಿ ಪಟ್ಟಿಯಲ್ಲಿರುವುದು ದಡಾರ-ರುಬೆಲ್ಲಾ ಲಸಿಕೆ. ಮಂಗನಬಾವಿನದು ಅದರಲ್ಲಿ ಸೇರಿಲ್ಲ. ಸೀತಾಳೆ ಸಿಡುಬಿನ ಲಸಿಕೆಯೂ ಇಲ್ಲ. ಅಲ್ಲಿನ ಶಾಲೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) 2 ಡೋಸ್, ಸೀತಾಳೆ ಸಿಡುಬು 2 ಡೋಸ್, ಹೆಪಟೈಟಿಸ್ ಬಿ 3 ಡೋಸ್ ಕೇಳುತ್ತದೆ. ಎಂಎಂಆರ್‌ನ ಎರಡು ಡೋಸ್‌ಗಳ ನಡುವೆ, ಹಾಗೆಯೇ ಸೀತಾಳೆ ಸಿಡುಬಿನ ಎರಡು ಡೋಸ್‌ಗಳ ನಡುವೆ ಕನಿಷ್ಠ 4 ವಾರ ಅಂತರ ಬೇಕು. ಹಾಗಾಗಿ ಆಗಸ್ಟ್ ವಿಮಾನಕ್ಕೆ ಮೇ ತಿಂಗಳಲ್ಲೇ ಶುರು ಮಾಡಿ, ದಿನಾಂಕಗಳಿರುವ ಇಂಗ್ಲಿಷ್ ಪಟ್ಟಿಗೆ ವೈದ್ಯರ ಸಹಿ, ಮೊಹರು ಹಾಕಿಸಿಕೊಳ್ಳಿ. ಟಿಬಿ ಪರೀಕ್ಷೆ ಕೇಳಿದರೆ ಚರ್ಮದ ಪರೀಕ್ಷೆಯ ಬದಲು ಐಜಿಆರ್‌ಎ ರಕ್ತ ಪರೀಕ್ಷೆ ಮಾಡಿಸಿ. ಹುಟ್ಟಿದಾಗ ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆಯಲ್ಲಿ ರೋಗವಿಲ್ಲದಿದ್ದರೂ ಪಾಸಿಟಿವ್ ಬರಬಹುದು, ಆಮೇಲೆ ಎಕ್ಸ್‌ರೇ ಎಂದು ವಾರಗಟ್ಟಲೆ ಓಡಾಟ.

ಪೆಟ್ಟಿಗೆಗೆ ಏನು ಹಾಕಬೇಕು? ಉಡುಗೊರೆಗೆ ಕಾಫಿ ಪುಡಿ ಒಳ್ಳೆಯದು, ಆದರೆ ಚಿಕೋರಿ ಬೆರೆಸದ್ದನ್ನು, ಸ್ವಲ್ಪ ತರಿಯಾಗಿ ಬೀಸಿಸಿ ಒಯ್ಯಿರಿ. ನಮ್ಮ ಫಿಲ್ಟರಿನ ನುಣ್ಣನೆಯ ಪುಡಿ ಅಲ್ಲಿನ ಡ್ರಿಪ್ ಮೆಷಿನ್ನಿನ ಕಾಗದದ ಸೋಸಣಿಗೆಯಲ್ಲಿ ಕಟ್ಟಿಕೊಂಡು, ಕಾಫಿ ಉಕ್ಕಿ ಕಟ್ಟೆಯ ಮೇಲೆ ಹರಿಯುತ್ತದೆ. ಒಣ ಕರಿಮೆಣಸು, ಹುರಿದ ಮಸಾಲೆ ಪುಡಿ, 100 ಮಿಲೀ ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ ರಸ) ಸಾಕು. ಕಾಚಂಪುಳಿ ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಜಿಪ್ ಕವರಿನೊಳಗಿಟ್ಟು ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ಸೋರಿದರೆ ಆ ಕಪ್ಪು ಕಲೆ ಬಟ್ಟೆಯಿಂದ ಹೋಗುವುದಿಲ್ಲ. ಹಂದಿ ಉಪ್ಪಿನಕಾಯಿ, ಕಿತ್ತಳೆ, ಹಸಿ ಕರಿಬೇವು ಮನೆಯಲ್ಲೇ ಇರಲಿ, ವಿಮಾನ ನಿಲ್ದಾಣದಲ್ಲಿ ಕಿತ್ತಿಡುತ್ತಾರೆ. ತಿನ್ನುವ ವಸ್ತು ಏನೇ ಇದ್ದರೂ ಕಸ್ಟಮ್ಸ್‌ನಲ್ಲಿ ‘ಇದೆ’ ಎಂದೇ ಹೇಳಿ. ತಂದದ್ದಕ್ಕಿಂತ ಮುಚ್ಚಿಟ್ಟದ್ದಕ್ಕೆ ದಂಡ ದೊಡ್ಡದು.

ಕೊಡಗಿನ ಮಕ್ಕಳು ಇದೊಂದನ್ನು ಗಟ್ಟಿಯಾಗಿ ನೆನಪಿಡಬೇಕು. ಶಾಲೆಯಲ್ಲಿ ನಮ್ಮ ಸಂಸ್ಕೃತಿ ತೋರಿಸಿ ಎಂದಾಗ ಕೊಡವ ಉಡುಪಾದ ಕುಪ್ಯಚೇಲೆ ಉಡಿ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಮಾತ್ರ ಬೇಡ. ಮೊಂಡಾಗಿದ್ದರೂ, ಬೆಳ್ಳಿಯ ಅಲಂಕಾರದ್ದಾಗಿದ್ದರೂ ಅಲ್ಲಿನ ಶಾಲೆಗೆ ಅದು ಆಯುಧವೇ. ಎಕ್ಸ್‌ಚೇಂಜ್ ಕಾರ್ಯಕ್ರಮದಿಂದಲೇ ಊರಿಗೆ ವಾಪಸು ಕಳಿಸುವ ಮಟ್ಟಕ್ಕೆ ಹೋಗಬಹುದು. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಕೋವಿ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಚಿತ್ರಗಳನ್ನು ತರಗತಿಯಲ್ಲಿ ತೋರಿಸುವುದಿದ್ದರೆ ಮೊದಲು ಶಿಕ್ಷಕರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ನಮಗೆ ಹಬ್ಬ, ಶಾಲೆಗಳಲ್ಲಿ ಗುಂಡೇಟು ಕಂಡ ಆ ದೇಶದವರಿಗೆ ಭಯ.

ಮೊದಲ ವಾರ ಹೋಸ್ಟ್ ತಾಯಿಯ ಜೊತೆ ನೋಟುಪುಸ್ತಕ ಹಿಡಿದು ಕುಳಿತು ಪ್ರಶ್ನೆ ಕೇಳಿ ಬರೆದುಕೊಳ್ಳುವುದು ಇಡೀ ವರ್ಷಕ್ಕೆ ಆಗುವ ಕೆಲಸ. ಫ್ರಿಜ್ಜಿನಲ್ಲಿ ಕೇಳದೆ ತೆಗೆಯಬಹುದಾದದ್ದು ಯಾವುದು? ಸ್ನಾನಕ್ಕೆ ನನ್ನ ಹೊತ್ತು ಯಾವುದು? ನನ್ನ ಪಾಲಿನ ಮನೆಗೆಲಸ ಏನು? ರಾತ್ರಿ ವೈಫೈ ಎಷ್ಟು ಗಂಟೆವರೆಗೆ? ಊದುಬತ್ತಿ ಹಚ್ಚಬಹುದೇ? ಹೀಗೆ ಕೇಳಿದರೆ ಅವರಿಗೆ ಮುಜುಗರವಿಲ್ಲ, ಬದಲಿಗೆ ನಿರಾಳ.

ಬಚ್ಚಲಿನ ನೆಲದಲ್ಲಿ ನೀರು ಹೋಗುವ ತೂತೇ ಇರುವುದಿಲ್ಲ. ಷವರ್ ಪರದೆಯ ಅಂಚು ಟಬ್ಬಿನ ಒಳಗಿರಬೇಕು. ಹೊರಗಿದ್ದರೆ ನೀರು ಹಲಗೆ ನೆಲಕ್ಕಿಳಿದು ಕೆಳಗಿನ ಕೋಣೆಯ ಸೀಲಿಂಗ್ ನೆನೆಯುತ್ತದೆ. ಚೊಂಬಿನಲ್ಲಿ ಹೊಯ್ದುಕೊಳ್ಳುವ ಅಭ್ಯಾಸದವರೂ ಟಬ್ಬಿನೊಳಗೇ ಮುಗಿಸಬೇಕು. ಹತ್ತು ನಿಮಿಷದೊಳಗೆ ಸ್ನಾನ ಮುಗಿದರೆ ಮುಂದಿನವರಿಗೆ ಬಿಸಿನೀರು ಉಳಿಯುತ್ತದೆ. ಡಿಶ್‌ವಾಷರಿಗೆ ಅದರದೇ ಪುಡಿ ಅಥವಾ ಗುಳಿಗೆ. ಸಿಂಕಿನ ಪಕ್ಕದ ಪಾತ್ರೆ ಸೋಪು ಹಾಕಿದರೆ ಅಡುಗೆಮನೆ ತುಂಬ ನೊರೆ. ಬಟ್ಟೆ ಒಣಗಿಸುವ ಯಂತ್ರದ ಜಾಲರಿಯಲ್ಲಿ ಕೂರುವ ನೂಲಿನ ಧೂಳನ್ನು ಪ್ರತಿ ಸಲ ತೆಗೆಯಿರಿ, ಅದು ಬೆಂಕಿ ಹೊತ್ತಿಕೊಳ್ಳುವ ವಸ್ತು. ಉಣ್ಣೆಯ ಸ್ವೆಟರನ್ನು ಆ ಯಂತ್ರಕ್ಕೆ ಹಾಕಿದರೆ ಮಗುವಿನ ಅಳತೆಗೆ ಇಳಿಯುತ್ತದೆ.

ಶಾಲೆಯ ಮೊದಲ ದಿನ ಕೈಕೊಡುವುದು ಲಾಕರಿನ ಬೀಗ. ಡಯಲನ್ನು ಬಲಕ್ಕೆ 3 ಸುತ್ತು ತಿರುಗಿಸಿ ಮೊದಲ ಅಂಕಿಗೆ ನಿಲ್ಲಿಸಿ. ಎಡಕ್ಕೆ ಒಂದು ಪೂರ್ತಿ ಸುತ್ತು ಹೋಗಿ, ಮೊದಲ ಅಂಕಿಯನ್ನು ದಾಟಿ, ಎರಡನೆಯದಕ್ಕೆ. ಮತ್ತೆ ಬಲಕ್ಕೆ ನೇರ ಮೂರನೆಯದಕ್ಕೆ. ಹೆಚ್ಚಿನವರು ತಪ್ಪುವುದು ಎಡಗಡೆಯ ಪೂರ್ತಿ ಸುತ್ತನ್ನು ಬಿಟ್ಟು. ಒಂದು ಗೆರೆ ದಾಟಿದರೂ ಮೊದಲಿನಿಂದಲೇ. ಪಾಠಗಳ ನಡುವೆ ನಾಲ್ಕೈದು ನಿಮಿಷವಷ್ಟೇ ಇರುವುದರಿಂದ ತರಗತಿ ಶುರುವಾಗುವ ಮುಂಚಿನ ದಿನ ಹೋಗಿ ಹತ್ತು ಸಲ ಅಭ್ಯಾಸ ಮಾಡಿ.

ಅಂಕದ ಲೆಕ್ಕವೂ ಬೇರೆ. ನಮ್ಮಲ್ಲಿ ವರ್ಷದ ಕೊನೆಗೆ ಓದಿ ದಡ ಸೇರಬಹುದು. ಅಲ್ಲಿ ಪ್ರತಿ ವಾರದ ಹೋಮ್‌ವರ್ಕ್, ಸಣ್ಣ ಟೆಸ್ಟು ಎಲ್ಲ ಸೇರುತ್ತವೆ. ಕೊಡದೆ ಬಿಟ್ಟ ಒಂದು ಕೆಲಸ ಸೊನ್ನೆಯಾಗಿ ಕುಳಿತು ಸರಾಸರಿಯನ್ನು ಎಳೆಯುತ್ತದೆ. ಭಾನುವಾರ ಸಂಜೆ ಆನ್‌ಲೈನ್ ಅಂಕಪಟ್ಟಿ ತೆರೆದು ‘ಮಿಸ್ಸಿಂಗ್’ ಎಂದಿರುವುದನ್ನು ಹುಡುಕಿ, ಸೋಮವಾರವೇ ಶಿಕ್ಷಕರನ್ನು ಕೇಳಿ. ಪುಸ್ತಕದ ಸಾಲನ್ನು ಹಾಗೇ ಬರೆದರೆ ನಮ್ಮಲ್ಲಿ ಪೂರ್ಣ ಅಂಕ, ಅಲ್ಲಿ ಅದು ಕಳ್ಳತನ.

ಮಧ್ಯಾಹ್ನ ಶಾಲೆ ಬಿಟ್ಟ ಮೇಲಿನ ಆಟವೇ ಗೆಳೆತನ ಸಿಗುವ ಜಾಗ. ಶರತ್ಕಾಲದ ತಂಡಗಳ ಅಭ್ಯಾಸ ಆಗಸ್ಟ್‌ನಲ್ಲೇ ಶುರು, ಅದಕ್ಕೆ ವೈದ್ಯಕೀಯ ತಪಾಸಣೆಯ ಫಾರಂ ಬೇಕು. ಹಾಕಿ ಸ್ಟಿಕ್ ಒಯ್ಯಬೇಡಿ. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ನಮ್ಮ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ನೋಡಿ ಬೆಳೆದವರಿಗೆ ಇದು ಕಷ್ಟದ ಮಾತು, ಆದರೆ ಮಿನೆಸೋಟಾದಲ್ಲಿ ಹಾಕಿ ಎಂದರೆ ಐಸ್ ಹಾಕಿ. ಕ್ರಾಸ್ ಕಂಟ್ರಿ ಓಟದ ತಂಡದಲ್ಲಿ ಹೊಸಬರಿಗೂ ಸಾಮಾನ್ಯವಾಗಿ ಜಾಗವಿರುತ್ತದೆ, ಏರುದಾರಿಯಲ್ಲಿ ನಡೆದ ಕಾಲುಗಳಿಗೆ ಅದು ಒಗ್ಗುತ್ತದೆ.

ಚಳಿಯ ಬಟ್ಟೆ ಇಲ್ಲಿಂದ ಕೊಂಡು ಹೋಗುವುದು ದುಡ್ಡು ದಂಡ. ಮಡಿಕೇರಿಯ ಚಳಿ ಒದ್ದೆ ಚಳಿ. ಅಲ್ಲಿಯದು ಒಣಚಳಿ, ಮೈನಸ್ 20 ಸೆಲ್ಸಿಯಸ್‌ಗೂ ಇಳಿಯುತ್ತದೆ. ಹಳೆ ಬಟ್ಟೆಯ ಅಂಗಡಿಯಲ್ಲಿ ಒಳ್ಳೆಯ ಕೋಟು ಸಿಗುತ್ತದೆ, ಮಿನೆಸೋಟಾದಲ್ಲಿ ಬಟ್ಟೆಗೆ ಮಾರಾಟ ತೆರಿಗೆಯೂ ಇಲ್ಲ. ಮೈಗೆ ತಾಗುವ ಒಳಪದರ ಹತ್ತಿಯದ್ದು ಬೇಡ, ಬೆವರು ಹೀರಿ ತಣ್ಣಗಾಗುತ್ತದೆ. ಒದ್ದೆ ತಲೆಯಲ್ಲಿ ಬಸ್ಸಿಗೆ ಕಾಯಬೇಡಿ. ಮನೆಯ ಹೀಟರ್ ಗಾಳಿಯನ್ನು ಒಣಗಿಸುವುದರಿಂದ ಚರ್ಮ ಸೀಳುತ್ತದೆ, ಮೂಗಿನಲ್ಲಿ ರಕ್ತ ಬರಬಹುದು. ಸ್ನಾನವಾದ ತಕ್ಷಣ, ಮೈ ಇನ್ನೂ ತೇವ ಇರುವಾಗಲೇ ವ್ಯಾಸಲೀನ್ ಹಚ್ಚಿ.

ಹೋಸ್ಟ್ ಮನೆಯಲ್ಲಿ ಒಂದು ದಿನ ಅಡುಗೆ ಮಾಡಲೇಬೇಕಾಗುತ್ತದೆ. ನಾನು ನೆಚ್ಚಿಕೊಂಡದ್ದು ಅಕ್ಕಿ ರೊಟ್ಟಿ, ಹಂದಿ ಕರಿ. ಏಷ್ಯನ್ ಅಂಗಡಿಯ ಅಕ್ಕಿ ಹಿಟ್ಟಿನ ಪೊಟ್ಟಣದಲ್ಲಿ ‘ಗ್ಲೂಟಿನಸ್’ ಎಂದಿದ್ದರೆ ಬಿಡಿ, ಅದು ಅಂಟು ಅಕ್ಕಿಯದು, ರೊಟ್ಟಿ ಲಟ್ಟಣಿಗೆಗೇ ಹಿಡಿದುಕೊಳ್ಳುತ್ತದೆ. ಅಲ್ಲಿನ ಉದ್ದ ಅಕ್ಕಿ ಉದುರುದುರು ಆಗುವುದರಿಂದ 1 ಲೋಟ ಅಕ್ಕಿಗೆ ಎರಡೂವರೆ ಲೋಟ ನೀರಿಟ್ಟು ಮೆತ್ತಗೆ ಬೇಯಿಸಿ. ಬಿಸಿ ಇರುವಾಗಲೇ ಮಸೆದು, 1 ಲೋಟ ಅನ್ನಕ್ಕೆ ಸುಮಾರು ಒಂದೂಕಾಲು ಲೋಟ ಹಿಟ್ಟು, ಉಪ್ಪು ಸೇರಿಸಿ ಐದಾರು ನಿಮಿಷ ನಾದಿ. ಫ್ರಿಜ್ಜಿನ ತಣ್ಣನೆ ಅನ್ನದಲ್ಲಿ ಮಾಡಿದರೆ ಅಂಚು ಬಿರಿಯುತ್ತದೆ. ಸುರುಳಿ ತಂತಿಯ ಕರೆಂಟ್ ಒಲೆ (ಕಾಯಿಲ್) ಆದರೆ ಕಾವಲಿಯಲ್ಲಿ ಎರಡೂ ಬದಿ ಬೇಯಿಸಿ, ಕೇಕ್ ಆರಿಸುವ ತಂತಿ ಜಾಲರಿಯನ್ನು ಕಾಯಿಲ್ ಮೇಲಿಟ್ಟು ಉಬ್ಬಿಸಬಹುದು. ಗಾಜಿನ ಒಲೆಯ ಮೇಲೆ ಜಾಲರಿ ಇಡಬಾರದು, ಗೀರು ಬೀಳುತ್ತದೆ. ಕಾವಲಿಯಲ್ಲೇ ಬಟ್ಟೆಯಿಂದ ಮೆಲ್ಲಗೆ ಒತ್ತಿ. ಪ್ರತಿ ರೊಟ್ಟಿಯ ನಂತರ ಕಾವಲಿಯ ಒಣ ಹಿಟ್ಟನ್ನು ಒರೆಸದಿದ್ದರೆ ಅದು ಕರಟಿ ಹೊಗೆ ಅಲಾರಂ ಕಿರುಚುತ್ತದೆ. ಮಸಾಲೆಯನ್ನು ಊರಲ್ಲೇ ಹುರಿದು ಪುಡಿ ಮಾಡಿ ಒಯ್ಯಲು ಹೇಳಿದ್ದೂ ಇದಕ್ಕೇ. ಮಾಂಸಕ್ಕೆ ‘ಪೋರ್ಕ್ ಶೋಲ್ಡರ್’ ಕೇಳಿ, ಅದರಲ್ಲಿ ಕೊಬ್ಬಿರುತ್ತದೆ. 1 ಕಿಲೋಗೆ ಕಾಚಂಪುಳಿ 1 ಟೀ ಚಮಚ, ಇಳಿಸುವ ಮುಂಚೆ. ಖಾರ ನಮ್ಮ ಅರ್ಧ.

ಮನೆಗೆ ಫೋನು ವಾರಕ್ಕೊಂದು ಸಲ ಸಾಕು. ದಿನಾ ಮಾತಾಡಿದರೆ ಮನಸ್ಸು ಇಲ್ಲೇ ಉಳಿಯುತ್ತದೆ. ಭಾನುವಾರ ರಾತ್ರಿ ನಮ್ಮ 8 ಗಂಟೆಗೆ ಅಲ್ಲಿ ಬೆಳಿಗ್ಗೆ 9.30; ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಟ್ಟ ಮೇಲೆ 8.30. ಮಳೆಗಾಲದಲ್ಲಿ ಇಲ್ಲಿ ಕರೆಂಟು, ಟವರು ಒಟ್ಟಿಗೇ ಹೋಗುತ್ತವೆ. ಫೋನು ಬರದಿದ್ದರೆ ಎರಡು ದಿನ ಕಾಯುವುದು ಎಂದು ಅವ್ವ-ಅಪ್ಪನ ಜೊತೆ ಮೊದಲೇ ಮಾತಾಗಿರಲಿ.

ಹೋಸ್ಟ್ ಮನೆಯಲ್ಲಿ ಸರಿಬರದಿದ್ದರೆ ಊರಿಗೆ ಹೇಳುವ ಮೊದಲು ಎಕ್ಸ್‌ಚೇಂಜ್ ಸಂಸ್ಥೆಯ ಸ್ಥಳೀಯ ಕೋಆರ್ಡಿನೇಟರಿಗೆ ಹೇಳಿ. ತಿಂಗಳಿಗೊಮ್ಮೆಯಾದರೂ ಅವರು ನಿಮ್ಮನ್ನು ಸಂಪರ್ಕಿಸಬೇಕೆಂಬುದು ಜೆ-1 ನಿಯಮ. ‘ಎಲ್ಲಾ ಚೆನ್ನಾಗಿದೆ’ ಎಂದು ಅಭ್ಯಾಸಬಲದಿಂದ ಹೇಳಿಬಿಟ್ಟರೆ ಆ ತಿಂಗಳ ಅವಕಾಶ ಹೋಯಿತು. ಯಾರಾದರೂ ಮೈಮುಟ್ಟಿ ತೊಂದರೆ ಕೊಟ್ಟರೆ ತಿಂಗಳು ಕಾಯುವ ಮಾತೇ ಇಲ್ಲ, ಅವತ್ತೇ ಫೋನು ಮಾಡಿ.

ವಾಪಸು ಹೊರಡುವ ವಾರ ಶಾಲೆಯ ಕಚೇರಿಯಿಂದ ಮೊಹರು ಹಾಕಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ (ಅಧಿಕೃತ ಅಂಕಪಟ್ಟಿ) 2 ಪ್ರತಿ ತೆಗೆದುಕೊಳ್ಳಿ. ಜೂನ್‌ನಲ್ಲಿ ಶಾಲೆ ಮುಚ್ಚಿದ ಮೇಲೆ ಕಚೇರಿಯಲ್ಲಿ ಉತ್ತರಿಸುವವರು ಸಿಗುವುದು ಕಷ್ಟ, ಇಲ್ಲಿ ಪಿಯು ಕಾಲೇಜಿನ ಪ್ರವೇಶ ನಡೆಯುವುದೂ ಅದೇ ಹೊತ್ತಿಗೆ.