ಹುಡುಗ ಹುಡುಗಿಯರೇ ನಡೆಸುವ ಸಾಹಿತ್ಯ ಹಬ್ಬ: ಧಾರವಾಡದಲ್ಲಿ ಮಾಡುವುದು ಹೇಗೆ?

ಧಾರವಾಡದಲ್ಲಿ ಸಾಹಿತ್ಯ ಕಾರ್ಯಕ್ರಮಗಳಿಗೆ ಬರವಿಲ್ಲ. ಆದರೆ ಯಾವುದಾದರೂ ಸಭೆಗೆ ಹೋಗಿ ಸುಮ್ನೆ ಒಮ್ಮೆ ಹಿಂದೆ ತಿರುಗಿ ನೋಡಿ. ನರೆತ ತಲೆಗಳೇ ಜಾಸ್ತಿ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ, ಹತ್ತಾರು ಕಾಲೇಜು, ಅದರ ಮೇಲೆ ಸಪ್ತಾಪುರದ ಕೋಚಿಂಗ್ ಸೆಂಟರ್‌ಗಳು. ಊರ ತುಂಬ ಹರೆಯದವರೇ ಇದ್ದರೂ ಸಭೆಗೆ ಬರುವವರು ಕಡಿಮೆ. ಅವರನ್ನು ಪ್ರೇಕ್ಷಕರಾಗಿ ಕರೆದರೆ ಸಾಲದು, ಹಬ್ಬವನ್ನೇ ಅವರ ಕೈಗೆ ಕೊಡಬೇಕು.

ಇದು ಈ ಊರಿಗೆ ಹೊಸದೇನಲ್ಲ. 1920ರ ದಶಕದಲ್ಲಿ ‘ಗೆಳೆಯರ ಗುಂಪು’ ಎಂಬ ಸಾಹಿತ್ಯ ಬಳಗ ಕಟ್ಟಿಕೊಂಡಾಗ ಬೇಂದ್ರೆಯವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ವಿ.ಕೃ. ಗೋಕಾಕರು ಆ ಗುಂಪಿಗೆ ಬಂದಾಗ ಕರ್ನಾಟಕ ಕಾಲೇಜಿನ ವಿದ್ಯಾರ್ಥಿ. ಈಗ ನೀವು ಹತ್ತು ಜನ ಸೇರಿ ಎರಡು ದಿನದ ಹಬ್ಬ ಮಾಡಬೇಕೆಂದುಕೊಂಡಿದ್ದರೆ, ಕೆಲಸ ಶುರುವಾಗುವುದು ಹೀಗೆ.

ಮೊದಲು ತಂಡ, ಆಮೇಲೆ ಹೆಸರು

ಹಬ್ಬಕ್ಕೆ ಏನು ಹೆಸರಿಡಬೇಕು ಅಂತ ವಾರಗಟ್ಟಲೆ ಜಗಳ ಆಡುವ ತಂಡಗಳುಂಟು. ಅದನ್ನು ಕೊನೆಗೆ ಇಡಿ. ಮೊದಲು ಯಾರು ಏನು ಮಾಡುತ್ತಾರೆ ಅಂತ ಬರೆದಿಡಿ. ಹಣ, ಸಭಾಂಗಣ, ಅತಿಥಿಗಳು, ಊಟ, ಪ್ರಚಾರ, ಒಂದೊಂದಕ್ಕೂ ಒಬ್ಬರು ಮುಖ್ಯಸ್ಥರು ಬೇಕು. ಒಂದೇ ಕಾಲೇಜಿನವರು ತುಂಬಿಕೊಳ್ಳಬೇಡಿ. ಸಂಗೀತ ಕಲಿಯುವವರು, ಚಿತ್ರಕಲೆಯವರು, ಕೃಷಿ ಓದುವವರು, ಎಂಜಿನಿಯರಿಂಗ್‌ನವರು ಎಲ್ಲರೂ ಇರಲಿ. ಕೋಚಿಂಗ್‌ಗೆ ಬಂದವರಲ್ಲಿ ಕನಿಷ್ಠ ಇಬ್ಬರು ಬೇಕೇ ಬೇಕು. ಕಲಬುರಗಿ, ವಿಜಯಪುರ, ಕೊಪ್ಪಳದಿಂದ ಬಂದು ರೂಮು ಮಾಡಿಕೊಂಡಿರುವ ಈ ಹುಡುಗರಷ್ಟು ಕನ್ನಡ ಪುಸ್ತಕ ಓದುವವರು ಬೇರೆ ಕಡೆ ಸಿಗುವುದು ಕಷ್ಟ. ಪರೀಕ್ಷೆಗೆ ಓದುತ್ತಾರೆ, ನಿಜ. ಆದರೂ ಓದುತ್ತಾರಲ್ವಾ?

ಹಿರಿಯರನ್ನು ದೂರ ಇಡುವ ಅಗತ್ಯವಿಲ್ಲ. ಇಬ್ಬರು ಮೂವರು ಸಲಹೆಗಾರರಾಗಿ ಇರಲಿ. ಕಾರ್ಯಕ್ರಮದ ಪಟ್ಟಿ ಮಾತ್ರ ನಿಮ್ಮ ಕೈಯಲ್ಲೇ ಇರಬೇಕು. ‘ನಮ್ಮವರೊಬ್ಬರಿದ್ದಾರೆ, ಹತ್ತು ನಿಮಿಷ ಕೊಡಿ’ ಎಂಬ ಫೋನು ಬಂದೇ ಬರುತ್ತದೆ. ಅದಕ್ಕೆ ಏನು ಉತ್ತರ ಕೊಡಬೇಕು ಅಂತ ಈಗಲೇ ಮಾತಾಡಿಕೊಳ್ಳಿ.

ದಿನ ಹಿಡಿಯುವುದೇ ದೊಡ್ಡ ಕೆಲಸ

ಧಾರವಾಡದ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಏನನ್ನೂ ಮಾಡಲು ಬಿಡುವುದಿಲ್ಲ. ಅಕ್ಟೋಬರ್‌ನ ಸಂಜೆ ಮಳೆಯನ್ನೂ ನಂಬುವಂತಿಲ್ಲ. ನವೆಂಬರ್ ಪೂರ್ತಿ ರಾಜ್ಯೋತ್ಸವ, ಸಭಾಂಗಣ ಸಿಗುವುದು ಕಷ್ಟ. ಡಿಸೆಂಬರ್ ಮತ್ತು ಫೆಬ್ರವರಿ ನಡುವೆ ನೋಡಿ. ಅಲ್ಲಿಯೂ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಪಕ್ಕದಲ್ಲಿರಲಿ. ಕೆಪಿಎಸ್‌ಸಿ, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗಳ ತಾರೀಖನ್ನೂ ನೋಡಬೇಕು. ಅಂಥ ಪರೀಕ್ಷೆ ಇರುವ ಭಾನುವಾರ ಹಬ್ಬ ಇಟ್ಟರೆ ಅರ್ಧ ಸಪ್ತಾಪುರ ಊರಲ್ಲೇ ಇರುವುದಿಲ್ಲ.

ಇನ್ನು ದಿನದೊಳಗಿನ ಸಮಯ. ಹೆಣ್ಣುಮಕ್ಕಳ ಹಾಸ್ಟೆಲ್, ಪಿಜಿಗಳ ಗೇಟು ಎಷ್ಟಕ್ಕೆ ಮುಚ್ಚುತ್ತದೆ ಅಂತ ಮೊದಲೇ ವಿಚಾರಿಸಿ. ರಾತ್ರಿ ಎಂಟೂವರೆಗೆ ನಾಟಕ ಶುರುಮಾಡಿದರೆ ನಿಮ್ಮ ಹಬ್ಬ ಹುಡುಗರ ಹಬ್ಬವಷ್ಟೇ ಆಗುತ್ತದೆ. ಆರಕ್ಕೆ ಶುರುಮಾಡಿ ಏಳೂವರೆಗೆ ಮುಗಿಸಿ. ವಾರ್ಡನ್‌ಗಳಿಗೆ ಮುಂಚಿತವಾಗಿ ಪತ್ರ ಬರೆದು, ಆ ದಿನ ಒಂದು ಗಂಟೆ ಸಡಿಲ ಕೊಡಿ ಅಂತ ಕೇಳಿ. ತಂಡದ ಹುಡುಗಿಯರೇ ಹೋಗಿ ಮಾತಾಡಿದರೆ ಒಪ್ಪುವ ಸಾಧ್ಯತೆ ಜಾಸ್ತಿ. ಈ ಒಂದು ಕೆಲಸದಿಂದ ಸಭೆಗೆ ಬರುವವರ ಸಂಖ್ಯೆಯಲ್ಲಿ ಆಗುವ ವ್ಯತ್ಯಾಸ ಪೋಸ್ಟರ್‌ಗಳಿಂದ ಆಗುವುದಿಲ್ಲ.

ಜಾಗ

ಊರಲ್ಲಿ ಜಾಗಗಳಿಗೆ ಕೊರತೆಯಿಲ್ಲ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರ, ಕಡಪಾ ಮೈದಾನದ ಕಲಾಭವನ, ರಂಗಾಯಣದ ಬಯಲು ರಂಗಮಂದಿರ, ಸಾಧನಕೇರಿಯ ಬೇಂದ್ರೆ ಭವನ. ದೊಡ್ಡದನ್ನೇ ಹಿಡಿಯಬೇಕೆಂಬ ಆಸೆ ಬೇಡ. ಇನ್ನೂರು ಜನ ಕೂರುವ ಕಡೆ ಇನ್ನೂರೈವತ್ತು ಜನ ಬಂದರೆ ಹಬ್ಬ ಅನ್ನಿಸುತ್ತದೆ. ಅದೇ ಜನ ಸಾವಿರ ಕುರ್ಚಿಯ ಸಭಾಂಗಣದಲ್ಲಿ ಕೂತರೆ ಖಾಲಿ ಖಾಲಿ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವವರನ್ನೂ ಲೆಕ್ಕಕ್ಕೆ ಹಿಡಿಯಿರಿ. ಯಾವ ನಿಲ್ದಾಣದಲ್ಲಿ ಇಳಿಯಬೇಕು ಅಂತ ಪೋಸ್ಟರ್‌ನಲ್ಲೇ ಹಾಕಿ.

ಸಭಾಂಗಣ ಗೊತ್ತುಮಾಡುವಾಗ ಮೂರು ಪ್ರಶ್ನೆ ಕೇಳಿ. ಮೈಕ್‌ಸೆಟ್ ಬಾಡಿಗೆಯಲ್ಲೇ ಸೇರಿದೆಯಾ? ಕರೆಂಟು ಹೋದರೆ ಜನರೇಟರ್ ಇದೆಯಾ? ಹಿಂದಿನ ದಿನ ಸಂಜೆ ಬಾಗಿಲು ತೆಗೆದುಕೊಡುತ್ತಾರಾ? ನಾಟಕ ಇದ್ದರೆ ಮೂರನೆಯದು ತುಂಬ ಮುಖ್ಯ. ಬೆಳಕಿನ ವ್ಯವಸ್ಥೆಗೇ ನಾಲ್ಕೈದು ಗಂಟೆ ಬೇಕು.

ಹಣ

ಯಾರದೋ ಸ್ವಂತ ಖಾತೆಗೆ ಫೋನ್‌ಪೇ ಮಾಡಿಸಿಕೊಳ್ಳಬೇಡಿ. ಎಷ್ಟೇ ಪ್ರಾಮಾಣಿಕರಿದ್ದರೂ ಆಮೇಲೆ ಮಾತು ಬರುತ್ತದೆ. ಹಬ್ಬವನ್ನು ಪ್ರತಿವರ್ಷ ಮಾಡುವ ಯೋಚನೆ ಇದ್ದರೆ ಸಂಘವನ್ನು ನೋಂದಾಯಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸದಸ್ಯರಿದ್ದರೆ ಆಯಿತು. ಆಗ ಸಂಘದ ಹೆಸರಲ್ಲಿ, ಇಬ್ಬರ ಸಹಿಯ ಖಾತೆ ತೆರೆಯಬಹುದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೂ ಮುಂದೆ ಅರ್ಜಿ ಹಾಕಬಹುದು. ಮೊದಲ ವರ್ಷ ಮಾತ್ರ ಆ ಹಣವನ್ನು ನಂಬಿ ಕೂರಬೇಡಿ. ಕಾಲೇಜುಗಳಿಂದ ಹಣ ಕೇಳುವುದಕ್ಕಿಂತ ಸಭಾಂಗಣ, ಅತಿಥಿ ಗೃಹ, ಬಸ್ಸು ಕೇಳುವುದು ಸುಲಭ.

ಕಲಾವಿದರ ಸಂಭಾವನೆಯನ್ನು ಬಜೆಟ್‌ನ ಮೊದಲ ಸಾಲಲ್ಲಿ ಬರೆಯಿರಿ. ಹಾರ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಇವಕ್ಕೆ ಹೋಗುವ ದುಡ್ಡನ್ನು ಕೂಡಿಸಿ ನೋಡಿದರೆ ಒಬ್ಬ ತಬಲಾ ವಾದಕನ ಸಂಭಾವನೆ ಸಿಗುತ್ತದೆ.

ಪರವಾನಗಿ

ಇದು ಬೇಜಾರಿನ ಕೆಲಸ, ಆದರೆ ಬೇಗ ಮುಗಿಯುತ್ತದೆ. ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಬೇಕು. ಬಯಲಲ್ಲಿ ರಾತ್ರಿ ಹತ್ತರ ಮೇಲೆ ಮೈಕ್ ಹಚ್ಚುವಂತಿಲ್ಲ. ನಾಟಕ ಆಡುವುದಿದ್ದರೆ ನಾಟಕಕಾರರ ಅಥವಾ ಅವರ ವಾರಸುದಾರರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅಂದರೆ ಅವರ ಕೃತಿಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ‘ನಮ್ಮ ಊರಿನ ಕವಿ’ ಅಂತ ಹೇಳಿ ಕವಿತೆಗಳನ್ನು ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿ ಮಾರುವಂತಿಲ್ಲ.

ಕಾರ್ಯಕ್ರಮ: ಇಲ್ಲೇ ಹಬ್ಬ ಗೆಲ್ಲುವುದು ಅಥವಾ ಸೋಲುವುದು

ಉದ್ಘಾಟನೆಗೆ ಇಪ್ಪತ್ತು ನಿಮಿಷ ಸಾಕು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಅತಿಥಿಗಳ ಮಾತು, ಅಧ್ಯಕ್ಷರ ನುಡಿ, ವಂದನಾರ್ಪಣೆ ಎಂಬ ರೈಲು ಹತ್ತಿದರೆ ಮಧ್ಯಾಹ್ನದ ಊಟದವರೆಗೆ ಇಳಿಯಲು ಆಗುವುದಿಲ್ಲ. ವೇದಿಕೆ ಮೇಲೆ ಸಾಲು ಕುರ್ಚಿ ಹಾಕಲೇಬೇಡಿ. ಕುರ್ಚಿ ಇದ್ದರೆ ಕೂರುವವರು ಬಂದೇ ಬರುತ್ತಾರೆ. ಒಂದು ಹಾಡು, ಒಂದು ಒಳ್ಳೆಯ ಭಾಷಣ, ಅಷ್ಟೇ.

ಕವಿಗೋಷ್ಠಿಗೆ ಲೆಕ್ಕ ಹಾಕಿ. ಒಬ್ಬರಿಗೆ ಐದು ನಿಮಿಷ ಅಂದರೆ ಹನ್ನೆರಡು ಕವಿಗಳಿಗೆ ಒಂದು ಗಂಟೆ. ಹದಿಮೂರನೆಯವರನ್ನು ಸೇರಿಸಬೇಡಿ. ಆಯ್ಕೆ ಹೇಗೆ ಮಾಡುವುದು? ಕವಿತೆ ತರಿಸಿಕೊಳ್ಳಿ, ಹೆಸರು ಮುಚ್ಚಿ ಓದಿ, ಆರಿಸಿ. ಆಯ್ಕೆಯಾಗದವರಿಗೂ ಒಂದು ಸಾಲಿನ ಉತ್ತರ ಕಳಿಸಿ. ಅವರಿಗಾಗಿ ಸಂಜೆ ತೆರೆದ ಮೈಕ್ ಇಡಿ. ಯಾರು ಮೊದಲು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಹುಬ್ಬಳ್ಳಿ–ಧಾರವಾಡದಲ್ಲಿ ಉರ್ದು, ಮರಾಠಿಯಲ್ಲಿ ಬರೆಯುವವರೂ ಇದ್ದಾರೆ. ಅವರು ಮೂಲದಲ್ಲಿ ಓದಲಿ, ಗೆಳೆಯರೊಬ್ಬರು ಕನ್ನಡದಲ್ಲಿ ಓದಲಿ.

ಗೋಷ್ಠಿ ಅಂದರೆ ಮೂವರು ಪ್ರಬಂಧ ಓದುವುದು ಅಂತ ತಿಳಿಯಬೇಡಿ. ಒಬ್ಬ ಲೇಖಕಿಯನ್ನು ಕರೆಸಿ, ಅವರ ಪುಸ್ತಕ ಪೂರ್ತಿ ಓದಿರುವ ಇಬ್ಬರು ವಿದ್ಯಾರ್ಥಿಗಳು ಎದುರು ಕೂತು ಪ್ರಶ್ನೆ ಕೇಳಲಿ. ಓದಿದ್ದಾರೋ ಇಲ್ಲವೋ ಅಂತ ಹಿಂದಿನ ವಾರವೇ ಪರೀಕ್ಷಿಸಿ. ಗಾಳಿಮಾತಿನ ಪ್ರಶ್ನೆಗಳು ಲೇಖಕರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತವೆ.

ಕಲೆ ಅಂದ ತಕ್ಷಣ ಕ್ಯಾನ್‌ವಾಸ್ ಮಾತ್ರ ನೆನಪಾಗಬಾರದು. ಕಸೂತಿ ಈ ಸೀಮೆಯದೇ. ಗವಂತಿ, ಮುರ್ಗಿ, ನೇಗಿ, ಮೆಂತೆ ಹೊಲಿಗೆಗಳನ್ನು ಹಾಕಿ ತೋರಿಸಬಲ್ಲ ಅಮ್ಮಂದಿರನ್ನು ಕರೆಸಿ, ಇಪ್ಪತ್ತು ಜನರಿಗೆ ಎರಡು ಗಂಟೆಯ ಕಮ್ಮಟ ಮಾಡಿಸಿ. ಕಮ್ಮಟಕ್ಕೆ ಸ್ವಲ್ಪ ಶುಲ್ಕ ಇಡಿ, ಅದು ಪೂರ್ತಿ ಅವರಿಗೇ ಹೋಗಲಿ. ಜಿಲ್ಲೆಯ ನವಲಗುಂದದಲ್ಲಿ ಜಮಖಾನ ನೇಯುವವರಿದ್ದಾರೆ. ಶ್ರೀಕೃಷ್ಣ ಪಾರಿಜಾತ, ಸಣ್ಣಾಟದಂಥ ಜನಪದ ನಾಟಕ ಆಡುವ ಮೇಳಗಳು ಉತ್ತರ ಕರ್ನಾಟಕದಲ್ಲಿವೆ. ಒಂದು ಸಂಜೆ ಅವರಿಗೆ ಬಿಟ್ಟುಕೊಡಿ. ಇಡೀ ರಾತ್ರಿಯ ಆಟವನ್ನು ಒಂದೂವರೆ ಗಂಟೆಗೆ ಹೇಗೆ ತರುವುದು ಅನ್ನುವುದನ್ನು ಮೇಳದವರೇ ಹೇಳಲಿ, ನೀವು ಕತ್ತರಿ ಹಾಕಬೇಡಿ.

ಪುಸ್ತಕ ಮತ್ತು ತಿಂಡಿ

ಪುಸ್ತಕದ ಮೇಜು ಚಹಾದ ಪಕ್ಕದಲ್ಲೇ ಇರಲಿ. ಮೂಲೆಯಲ್ಲಿಟ್ಟರೆ ಯಾರೂ ಹೋಗುವುದಿಲ್ಲ. ಪ್ರಕಾಶಕರಿಂದ ಪುಸ್ತಕ ತರುವಾಗ, ಮಾರಾಟವಾಗದ್ದನ್ನು ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಕೇಳಿ, ಎಣಿಸಿ ಸಹಿ ಹಾಕಿಸಿ. ಊಟ ಖಾನಾವಳಿಯ ರೊಟ್ಟಿ ಪಲ್ಯ, ಸಂಜೆಗೆ ಗಿರ್ಮಿಟ್, ಮಿರ್ಚಿ. ಬಫೆ ಮಾಡಿ ದುಡ್ಡು ಕಳೆಯಬೇಡಿ.

ಮುಗಿದ ಮೇಲೆ

ಸಂಭಾವನೆಯ ಲಕೋಟೆ ಅದೇ ದಿನ ಕೈಗೆ ಹೋಗಬೇಕು. ಗೋಡೆಗೆ ಹಚ್ಚಿದ ಪೋಸ್ಟರ್‌ಗಳನ್ನು ಮರುದಿನ ನೀವೇ ಕಿತ್ತು ತನ್ನಿ. ಸಭಾಂಗಣದವರು ಮುಂದಿನ ವರ್ಷವೂ ಬೇಕಲ್ವಾ? ಒಂದು ವಾರದೊಳಗೆ ಲೆಕ್ಕಪತ್ರವನ್ನು ದುಡ್ಡು ಕೊಟ್ಟವರೆಲ್ಲರಿಗೂ ಕಳಿಸಿ, ಉಳಿದದ್ದು, ಕಡಿಮೆ ಬಿದ್ದದ್ದು ಎರಡನ್ನೂ ತೋರಿಸಿ. ಲೆಕ್ಕ ನೋಡಲು ತಂಡ ಸೇರುವ ಸಭೆಯಲ್ಲೇ ಮುಂದಿನ ಸಲದ ತಂಡವನ್ನು ಆರಿಸಿ. ಕೊನೆಯ ವರ್ಷದವರು ಪರೀಕ್ಷೆ ಮುಗಿಸಿ ಊರು ಬಿಡುತ್ತಾರೆ. ಅವರ ಫೋನಿನಲ್ಲಿರುವ ಮೈಕ್‌ಸೆಟ್‌ನವರ, ಪೆಂಡಾಲ್‌ನವರ, ಖಾನಾವಳಿಯವರ ನಂಬರುಗಳನ್ನು ಒಂದು ವಹಿಯಲ್ಲಿ ಬರೆಸಿಕೊಂಡು ಮೊದಲ ವರ್ಷದ ಯಾರಾದರೊಬ್ಬರ ಕೈಗೆ ಕೊಡಿ.