ಹಳೆಯ ಫ್ಯಾನು, ಗೀಸರನ್ನು ಗುಜರಿಗೆ ಹಾಕುವ ಮುನ್ನ

ಅಟ್ಟದಲ್ಲಿ ದೂಳು ತಿನ್ನುತ್ತಿರುವ ಸುಟ್ಟ ಫ್ಯಾನು, ಕೆಟ್ಟ ಮಿಕ್ಸಿ, ಸೋರುವ ಗೀಸರನ್ನು ಇಡಿಯಾಗಿ ಗುಜರಿಯವರ ತಕ್ಕಡಿಗೆ ಹಾಕಿದರೆ ಹೆಚ್ಚೆಂದರೆ ಕಬ್ಬಿಣದ ದರ ಸಿಕ್ಕೀತು. ಒಳಗಿರುವ ತಾಮ್ರಕ್ಕೆ ಅದರ ಹತ್ತು ಪಟ್ಟಿಗೂ ಮೀರಿದ ಬೆಲೆಯಿದೆ. ಬಿಚ್ಚಿ ಬೇರ್ಪಡಿಸುವ ತಾಳ್ಮೆ ಇದ್ದವರಿಗೆ ಆ ಹಣ.

ಆದರೆ ಎಲ್ಲವನ್ನೂ ಬಿಚ್ಚಬಾರದು. ಫ್ರಿಜ್ ಮತ್ತು ಎಸಿಯ ಕೊಳವೆಗಳಲ್ಲಿ ಅನಿಲವಿರುತ್ತದೆ. ಹೊಸ ಫ್ರಿಜ್‌ಗಳ ಆರ್-600ಎ ಬೆಂಕಿ ಹತ್ತಿಕೊಳ್ಳುವಂಥದ್ದು, ಹಳೆಯ ಎಸಿಗಳ ಆರ್-22 ಓಝೋನ್ ಪದರಕ್ಕೆ ಕುತ್ತು. ಮೈಕ್ರೋವೇವ್‌ನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಪ್ರಾಣಾಂತಿಕ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಹಳೆಯ ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿದೆ. ಇವನ್ನು ಮುಟ್ಟದೆ ಪಕ್ಕಕ್ಕಿಡಿ.

ಕೈ ಪಳಗಿಸಿಕೊಳ್ಳಲು ಸೀಲಿಂಗ್ ಫ್ಯಾನ್ ಒಳ್ಳೆಯದು. ಸ್ಕ್ರೂಡ್ರೈವರ್, ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಚಾಣ, ಸುತ್ತಿಗೆ, ಒಂದು ಆಯಸ್ಕಾಂತ ಇದ್ದರೆ ಸಾಕು. ಕೈಗವಸು, ಕನ್ನಡಕ ಮರೆಯಬೇಡಿ. ಮೊದಲು ರೆಕ್ಕೆಗಳನ್ನು ಬಿಚ್ಚಿ ಆಯಸ್ಕಾಂತ ತಾಗಿಸಿ: ಅಂಟಿದರೆ ಕಬ್ಬಿಣ, ಅಂಟದಿದ್ದರೆ ಅಲ್ಯೂಮಿನಿಯಂ. ಮೇಲಿನ ರಾಡು ಕಬ್ಬಿಣದ ಗುಡ್ಡೆಗೆ. ಕೆಪಾಸಿಟರಿನ ವೈರು ಕತ್ತರಿಸಿ ಅದನ್ನು ಬೇರೆ ಇಡಿ. ಮೋಟಾರಿನ ಸ್ಕ್ರೂ ತುಕ್ಕು ಹಿಡಿದಿದ್ದರೆ ಎರಡು ಹನಿ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಬಲವಂತ ಮಾಡಿದರೆ ತಲೆ ಸವೆದು ಕೆಲಸ ಕೆಡುತ್ತದೆ.

ಮುಚ್ಚಳ ತೆರೆದರೆ ತೆಳು ಉಕ್ಕಿನ ಹಾಳೆಗಳ ಕಟ್ಟು, ಅದರ ಸುತ್ತ ತಂತಿಯ ಸುರುಳಿ ಕಾಣುತ್ತದೆ. ಮೇಲಿನ ಕಂದು ಬಣ್ಣಕ್ಕೆ ಮರುಳಾಗಬೇಡಿ, ಅದು ಬರೀ ಲೇಪ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ. ಕೆಂಪಾಗಿ ಹೊಳೆದರೆ ತಾಮ್ರ, ಬಿಳಿಯಾಗಿ ಕಂಡರೆ ಅಲ್ಯೂಮಿನಿಯಂ. ಅಗ್ಗದ ಫ್ಯಾನುಗಳಲ್ಲಿ ಈ ನಿರಾಸೆ ಅಪರೂಪವಲ್ಲ. ಸುರುಳಿಯ ಒಂದು ಬದಿಯನ್ನು ಚಾಣದಿಂದ ಕಡಿದು, ಇನ್ನೊಂದು ಬದಿಯಿಂದ ಪ್ಲೇಯರಿನಲ್ಲಿ ಎಳೆದರೆ ಗೊಂಚಲು ಗೊಂಚಲಾಗಿ ಕಳಚಿಕೊಳ್ಳುತ್ತದೆ.

ತಂತಿಯನ್ನು ಸುಟ್ಟು ತಾಮ್ರ ತೆಗೆಯುವವರಿದ್ದಾರೆ. ದಯವಿಟ್ಟು ಆ ಕೆಲಸಕ್ಕೆ ಇಳಿಯಬೇಡಿ. ವೈರಿನ ಪಿವಿಸಿ ಹೊದಿಕೆ ಉರಿದಾಗ ಡಯಾಕ್ಸಿನ್‌ನಂಥ ವಿಷ ಹೊಮ್ಮುತ್ತದೆ. ಮೇಲಾಗಿ ಸುಟ್ಟು ಕಪ್ಪಾದ ತಾಮ್ರಕ್ಕೆ ದರವೂ ಕಡಿಮೆ.

ಮಿಕ್ಸಿಯಲ್ಲಿ ಮೋಟಾರ್ ಬಿಟ್ಟರೆ ಹೆಚ್ಚೇನಿಲ್ಲ. ಗೀಸರ್ ಹಾಗಲ್ಲ, ಹಳೆಯದಾದಷ್ಟೂ ಒಳ್ಳೆಯದು: ಎಷ್ಟೋ ಹಳೆಯ ಮಾದರಿಗಳಲ್ಲಿ ಇಡೀ ಟ್ಯಾಂಕೇ ತಾಮ್ರದ್ದು. ನೀರು ಪೂರ್ತಿ ಬಸಿದು, ಮಾಸ್ಕ್ ಹಾಕಿಕೊಂಡು ಹೊರಕವಚ ತೆಗೆಯಿರಿ. ನಡುವಿನ ಗಾಜುನಾರು ಚರ್ಮಕ್ಕೆ ತಾಗಿದರೆ ಸಂಜೆಯವರೆಗೂ ತುರಿಕೆ.

ಮಾರುವಾಗ ಒಂದೊಂದು ಲೋಹಕ್ಕೂ ಒಂದೊಂದು ಚೀಲ ಇರಲಿ. ಅಲ್ಯೂಮಿನಿಯಂ ಚೀಲದಲ್ಲಿ ನಾಲ್ಕು ಕಬ್ಬಿಣದ ಬೋಲ್ಟ್ ಕಂಡರೆ ಇಡೀ ಚೀಲದ ದರ ಇಳಿಯುತ್ತದೆ. ಮನೆಯಲ್ಲೇ ತೂಗಿಕೊಂಡು, ಎರಡು ಅಂಗಡಿಗಳಲ್ಲಿ ಅಂದಿನ ದರ ಕೇಳಿ ಹೊರಡಿ. ಬೆಂಗಳೂರಿನವರು ಜಾಲಿ ಮೊಹಲ್ಲಾದ ಗುಜರಿ ಮಾರುಕಟ್ಟೆಯವರೆಗೆ ಹೋಗಬಹುದು, ಆದರೆ ಎರಡು ಮೂರು ಕಿಲೋ ಮಾಲಿಗೆ ಆಟೋ ಬಾಡಿಗೆಯೇ ಲಾಭ ನುಂಗುತ್ತದೆ. ಬಡಾವಣೆಯ ಅಂಗಡಿಯೇ ಮೇಲು.

ಪಕ್ಕಕ್ಕಿಟ್ಟ ಫ್ರಿಜ್, ಟಿವಿ, ಕೆಪಾಸಿಟರ್‌ಗಳು ಇ-ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಇವುಗಳ ಮರುಬಳಕೆಯ ಹೊಣೆ ತಯಾರಕರದ್ದು. ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ ಕೇಳಿ, ಇಲ್ಲವೇ ಹೊಸದನ್ನು ಕೊಳ್ಳುವಾಗ ವಿನಿಮಯಕ್ಕೆ ಕೊಡಿ. ಅಲ್ಲಿಯವರೆಗೆ ಫ್ರಿಜ್ ಹೊರಗಿರುವುದಾದರೆ ಬಾಗಿಲಿಗೆ ಹಗ್ಗ ಬಿಗಿಯಿರಿ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಒಳಗೆ ಸೇರಿಕೊಂಡಾರು.